ಅಮ್ಮ ಹೇಳಿದ ಹಾಗೆ ಓಂಕಾರ

ಎಲ್ಲರೂ ಹತ್ತಿರ ಬಂದು ಕೂತಿರಾ? ನಗು ಬಂದರೆ ನಕ್ಕುಬಿಡಿ, ಆದರೆ ಆ ತಾಯಿಯ ಪಾಡನ್ನೂ ಒಂದಿಷ್ಟು ನೆನೆಯಿರಿ.

ಕಡೂರಿನಲ್ಲಿ ರವಿಕೆ ಹೊಲಿಯುವ ಪುಟ್ಟಗೌರಮ್ಮನಿಗೆ ಒಬ್ಬನೇ ಮಗ, ಓಂಕಾರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ. ಒಲೆ ಮೇಲೆ ಹಾಲಿದೆ, ನೋಡ್ತಿರು ಅಂದರೆ ಅದು ಉಕ್ಕಿ ಒಲೆ ಆರುವವರೆಗೂ ನೋಡುತ್ತಿದ್ದ. ಪುಸ್ತಕದಲ್ಲಿದ್ದುದನ್ನು ಇದ್ದ ಹಾಗೇ ಬರೆದು ಕಾಲೇಜಿಗೇ ಮೊದಲು ಬಂದ. ಕಾಲೇಜಿನವರು ಒಂದು ಸೆಮಿಸ್ಟರ್ ಓದಿ ಬಾ ಅಂತ ಅವನನ್ನು ಫಿನ್ಲೆಂಡಿಗೆ ಕಳಿಸಿದರು.

ತಾಯಿಗೆ ಒಂದೇ ಚಿಂತೆ. ಅವನು ಪಾಸಾಗದಿದ್ದರೂ ಪರವಾಗಿಲ್ಲ, ನೆಟ್ಟಗೆ ತಿರುಗಿ ಬಂದು ನನ್ನ ಹೊಸ್ತಿಲೊಳಗೆ ಕಾಲಿಟ್ಟರೆ ಸಾಕು ಅಂತ ದೇವರಿಗೆ ಹರಕೆ ಹೊತ್ತಳು. ಹೊರಡುವಾಗ ಹೇಳಿದಳು: "ಯಾರಾದ್ರೂ ತಿನ್ನೋಕೆ ಕೊಟ್ರೆ ತಕ್ಷಣ ಕೈ ಚಾಚಬೇಡ ಕಣಪ್ಪ. ಎರಡು ಸಲ ಬೇಡ ಅನ್ನು. ಮೂರನೇ ಸಲ ಬಲವಂತ ಮಾಡಿದ್ರೆ ತಗೋ."

"ಆಯ್ತಮ್ಮ."

ಅಲ್ಲಿ ಅವನಿದ್ದದ್ದು ಹೆಲ್ವಿ ಅನ್ನುವ ಅಜ್ಜಿಯ ಮನೆಯಲ್ಲಿ. ಅಜ್ಜಿ ಕೇಳಿದಳು, "ಊಟ ಮಾಡ್ತೀಯಾ?" ಇವನು, "ಬೇಡ." ಅಜ್ಜಿ ಸರಿ ಅಂತ ಪಾತ್ರೆ ಎತ್ತಿಟ್ಟಳು. ಅವರ ಕಡೆ ಬೇಡ ಅಂದರೆ ಬೇಡ, ಬಲವಂತ ಅನ್ನುವುದೇ ಇಲ್ಲ. ಇವನು ತಟ್ಟೆ ಮುಂದೆ ಕೂತು ಎರಡನೇ ಸಲ ಕೇಳಲಿ ಅಂತ ಕಾದ. ಬೇಕಾದರೆ ಅವನೇ ಕೇಳುತ್ತಾನೆ ಅಂತ ಅಜ್ಜಿ ಮತ್ತೆ ಕೇಳಲೇ ಇಲ್ಲ; ಇವನು ಮೂರು ದಿನ ಕಾದ. ತಾಯಿ ಕಟ್ಟಿಕೊಟ್ಟ ಚಕ್ಕುಲಿಯೂ ಮುಗಿಯಿತು.

"ಅಯ್ಯೋ ಪೆದ್ದ," ಫೋನಿನಲ್ಲಿ ತಾಯಿ ಗದರಿದಳು. "ಏನು ಕೇಳಿದ್ರೂ ಮೊದಲನೇ ಸಲಾನೇ ಹೂಂ ಅನ್ನು!"

"ಆಯ್ತಮ್ಮ."

ಮಾರನೇ ದಿನ ತರಗತಿಯಲ್ಲಿ ಪ್ರೊಫೆಸರ್ ಕೇಳಿದರು, "ಈ ವಿಷಯ ಕಷ್ಟ. ಬೇಕಾದರೆ ಬಿಡಬಹುದು. ಬಿಡ್ತೀಯಾ?"

"ಹೂಂ."

ಪಟ್ಟಿಯಿಂದ ಹೆಸರು ಹೋಯಿತು. ಆ ವಿಷಯ ಇಲ್ಲದೆ ಸೆಮಿಸ್ಟರೇ ಇಲ್ಲ. ತಾಯಿ ಹಣೆ ಚಚ್ಚಿಕೊಂಡಳು. "ಹೋಗಿ ಮೇಷ್ಟ್ರ ಕಾಲಿಗೆ ಬೀಳು. ಅವರು ಒಪ್ಪೋವರೆಗೂ ಕಾಲು ಬಿಡಬೇಡ!"

"ಆಯ್ತಮ್ಮ."

ಪಾಠ ಮುಗಿಸಿ ಹೊರಬಂದ ಪ್ರೊಫೆಸರರ ಮುಂದೆ ಓಂಕಾರ ಉದ್ದಕ್ಕೆ ಬಿದ್ದ. ಬೂಟು ಹಿಡಿದ. ಹುಡುಗ ಪ್ರಜ್ಞೆ ತಪ್ಪಿದ ಅಂತ ಅವರು ಗಾಬರಿಯಾಗಿ ಆಂಬುಲೆನ್ಸ್ ಕರೆಸಿದರು. ಸ್ಟ್ರೆಚರ್ ಮೇಲೆ ಎತ್ತಿ ಹಾಕಿದರೂ ಇವನು ಕೈ ಸಡಿಲಿಸಲಿಲ್ಲ. ಕಾಲು ಬಿಡಿಸಿಕೊಳ್ಳಲು ಪ್ರೊಫೆಸರರು ಬೂಟನ್ನೇ ಬಿಟ್ಟರು. ಬೂಟು ಆಸ್ಪತ್ರೆಗೆ ಹೋಯಿತು, ಹಿಂದೆ ಅವರೂ ಒಂಟಿ ಕಾಲುಚೀಲದಲ್ಲಿ ಹೋದರು. ವಿಷಯ ತಿಳಿದು ಹೆಸರೇನೋ ಸೇರಿಸಿದರು. ಆದರೆ ಆಸ್ಪತ್ರೆ ಅಂತ ಕೇಳಿದ ತಾಯಿ ಹೊಲಿಯುತ್ತಿದ್ದ ರವಿಕೆಯನ್ನು ಬದಿಗೆಸೆದಳು.

"ನನ್ನ ಮಾತೇ ನಿನ್ನ ಕೊಲ್ಲುತ್ತೆ ಕಣೋ," ಅಂತ ಅತ್ತಳು. "ಇನ್ಮೇಲೆ ನಾನು ಹೇಳಿದಂಗೆ ಮಾಡಲೇಬೇಡ. ನಿನಗೇ ಬುದ್ಧಿ ಇದೆ, ಅದನ್ನ ಓಡಿಸು. ಭಾನುವಾರ ಫೋನ್ ಮಾಡು."

"ಆಯ್ತಮ್ಮ."

ಫೋನ್ ಮಾಡು ಅಂದಳಲ್ಲ? ಮಾಡಲಿಲ್ಲ. ಇವಳೇ ಮಾಡಿದಳು, ಅವನು ಎತ್ತಲಿಲ್ಲ. ಫೋನ್ ಎತ್ತೋ ಮಗನೇ ಅಂತ ಮೆಸೇಜ್ ಹಾಕಿಸಿದಳು. ಆಮೇಲಂತೂ ಎತ್ತಲೇ ಇಲ್ಲ. ಒಂದು ಭಾನುವಾರ ಹೋಯಿತು, ಎಂಟು ಭಾನುವಾರ ಹೋದವು. ಪುಟ್ಟಗೌರಮ್ಮ ರವಿಕೆಗೆ ತೋಳನ್ನೇ ತಿರುಗುಮುರುಗು ಹೊಲಿದಳು. ಹಿಮದಲ್ಲಿ ಜಾರಿದನೋ, ಕೆರೆಗೆ ಬಿದ್ದನೋ, ಏನು ತಿಂದನೋ.

ಅಲ್ಲಿ ಓಂಕಾರ ಚೆನ್ನಾಗೇ ಇದ್ದ. ಹೇಳುವವರಿಲ್ಲದ್ದಕ್ಕೆ ಮೊದಮೊದಲು ಹೆದರಿದ. ಆಮೇಲೆ ಹಸಿವಾದಾಗ ಉಂಡ, ಚಳಿಯಾದಾಗ ಹೊದ್ದ, ತಿಳಿಯದಿದ್ದರೆ ಕೈ ಎತ್ತಿ ಕೇಳಿದ. ಅಜ್ಜಿಗೆ ಸಾರು ಕುದಿಸುವುದನ್ನೂ ಕಲಿಸಿದ. ಎಲ್ಲ ವಿಷಯಗಳಲ್ಲೂ ಪಾಸಾದ.

ಒಂದು ಬೆಳಿಗ್ಗೆ ಕಡೂರಿನ ಮನೆ ಮುಂದೆ ಆಟೋ ನಿಂತಿತು. ಮಗ! ಕೆಂಪಗೆ, ದುಂಡಗೆ, ಜೀವಂತವಾಗಿ.

"ಬಾರೋ ಒಳಗೆ," ಅಂದಳು ತಾಯಿ. ಅವನು ಹೊಸ್ತಿಲಾಚೆಯೇ ನಿಂತ.

"ಬಾರಪ್ಪ." ಒಂದು ಹೆಜ್ಜೆ ಹಿಂದೆ ಹೋದ.

"ಯಾಕೋ?"

"ನೀನು ಹೇಳಿದಂಗೆ ಮಾಡಬೇಡ ಅಂದಿದ್ದೀಯಲ್ಲಮ್ಮ."

"ಆ ಮಾತು ಬಿಟ್ಟುಬಿಡು ಮಾರಾಯ. ಇನ್ಮೇಲೆ ಹೇಳಿದಂಗೆ ಮಾಡು."

"ಅದನ್ನೂ ನೀನೇ ಹೇಳ್ತಿದ್ದೀಯಲ್ಲ."

ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಸ್ವಲ್ಪ ಹೊತ್ತು ಯೋಚಿಸಿದಳು. "ಸರಿ, ಒಳಗೆ ಬರಬೇಡ." ಬಂದ. "ಕೂರಬೇಡ." ಕೂತ. "ರೊಟ್ಟಿ ಮುಟ್ಟಬೇಡ." ಎರಡು ರೊಟ್ಟಿ ಮುಗಿಸಿದ. ಅವಳಿಗೆ ಎದೆ ಮೇಲಿನ ಕಲ್ಲು ಇಳಿದಂತಾಯಿತು. ಮಗನ ತಲೆ ಸವರುತ್ತಾ ಎಲ್ಲ ಮರೆತು ಅಂದೇಬಿಟ್ಟಳು:

"ಇನ್ನು ನನ್ನ ಬಿಟ್ಟು ಎಲ್ಲೂ ಹೋಗಬೇಡ ಕಂದ."

ಓಂಕಾರ ಮೂರನೇ ರೊಟ್ಟಿ ಕೆಳಗಿಟ್ಟ. ಕೈ ತೊಳೆದ. ಬ್ಯಾಗು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.

ಪುಟ್ಟಗೌರಮ್ಮ ಬರಿಗಾಲಲ್ಲಿ ಬೀದಿಗೆ ಓಡಿದಳು. "ಹೋಗು! ತೊಲಗು! ನನ್ನ ಮನೆಗೆ ಬರಬೇಡ!" ಅಂತ ಬಿಕ್ಕಿ ಬಿಕ್ಕಿ ಅಳುತ್ತಾ ಕೂಗಿದಳು. ಆರು ತಿಂಗಳ ಮೇಲೆ ಬಂದ ಮಗನನ್ನು ಓಡಿಸುತ್ತಿದ್ದಾಳಲ್ಲ, ಎಂಥ ತಾಯಿ ಇವಳು ಅಂತ ಬೀದಿಯವರು ಬೈದರು. ಅವಳು ಕೂಗಿದಷ್ಟೂ ಓಂಕಾರ ಹತ್ತಿರ ಹತ್ತಿರ ಬರುತ್ತಿದ್ದ.