ಮೊಲ ಮರಳುವ ಪೊದೆ

ಹಿಮಾಲಯದ ಒಂದು ಇಳಿಜಾರಿನಲ್ಲಿ ಲಿಂಕ್ಸ್ ಎಂಬ ದೊಡ್ಡ ಕಾಡುಬೆಕ್ಕು ಪೊದೆಯೊಳಗಿನ ಮೊಲದ ಮೇಲೆ ಎರಗಿತು. ಲಿಂಕ್ಸ್‌ನ ಎರಡು ಮರಿಗಳು ಎರಡು ದಿನದಿಂದ ಉಪವಾಸವಿದ್ದವು. ಮೊಲ ತಪ್ಪಿಸಿಕೊಂಡಿತು. ಲಿಂಕ್ಸ್ ಹತ್ತು ನೆಗೆತದಷ್ಟು ದೂರ ಬೆನ್ನಟ್ಟಿ ನಿಂತುಬಿಟ್ಟಿತು. ಆಮೇಲೆ ಹಿಂದಿರುಗಿ ಅದೇ ಪೊದೆಯ ಮರೆಯಲ್ಲಿ ಕುಳಿತಿತು.

ಇದನ್ನು ಕಂಡು ನರಿ ನಕ್ಕಿತು. "ಅಕ್ಕಾ, ಹತ್ತೇ ನೆಗೆತಕ್ಕೆ ಸುಸ್ತಾಯಿತೇ? ದಿನವೂ ಮೊಲ ಮೊಲ ಎಂದು ಜಪಿಸುವ ನಿನಗೆ ಅದನ್ನು ಹಿಡಿಯಲೂ ಬಾರದೇ? ನನ್ನನ್ನು ನೋಡು. ಇಲಿ, ಮೊಟ್ಟೆ, ಹಣ್ಣು, ಸತ್ತ ಕುರಿ, ಏನು ಸಿಕ್ಕರೂ ನನಗೆ ಊಟವೇ. ಈಗ ಈ ಮೊಲವೂ ನನ್ನದೇ."

"ಹೋಗಿ ಬಾ ತಮ್ಮಾ," ಎಂದಿತು ಲಿಂಕ್ಸ್. "ಸ್ವಲ್ಪ ಜೋರಾಗಿಯೇ ಓಡು."

ನರಿ ಓಡಿತು. ಅದರ ಮುಂದೆ ಮೊಲ ಇಳಿಜಾರು ದಾಟಿ, ಬಂಡೆಗಳನ್ನು ಬಳಸಿ, ದೊಡ್ಡದೊಂದು ಸುತ್ತು ಹಾಕಿ ತನ್ನ ಪೊದೆಗೇ ಮರಳಿತು. ಅಲ್ಲಿ ಲಿಂಕ್ಸ್‌ಗೆ ಒಂದೇ ನೆಗೆತ ಸಾಕಾಯಿತು.

ಮರಿಗಳು ತಿನ್ನತೊಡಗಿದಾಗ ನರಿ ಏದುಸಿರು ಬಿಡುತ್ತ ಬಂತು. "ಅನ್ಯಾಯ! ಅದನ್ನು ಓಡಿಸಿದವನು ನಾನು!"

"ಒಪ್ಪಿದೆ. ಅದಕ್ಕೇ ತಲೆಯನ್ನು ನಿನಗೆಂದು ತೆಗೆದಿಟ್ಟಿದ್ದೇನೆ."

ನರಿ ತಲೆಯನ್ನು ತನ್ನತ್ತ ಎಳೆದುಕೊಂಡಿತು. ಆದರೂ ಅದರ ಮನಸ್ಸು ತಡೆಯಲಿಲ್ಲ. "ಅಕ್ಕಾ, ಮೊಲ ಇಲ್ಲಿಗೇ ಬರುತ್ತದೆಂದು ನಿನಗೆ ಹೇಗೆ ಗೊತ್ತಾಯಿತು?"

"ಹುಟ್ಟಿದಂದಿನಿಂದ ಮೊಲವನ್ನೇ ತಿಂದಿದ್ದೇನಲ್ಲ," ಎಂದು ಹೇಳಿ, ಲಿಂಕ್ಸ್ ಮರಿಯ ಮೂತಿಯನ್ನು ನೆಕ್ಕತೊಡಗಿತು.