ಹೊಂಗೆ ಗಿರಿಯವ್ವ ಕೂತ ದೋಣಿ

ಬಹಳ ಹಿಂದೆ, ಇಸವಿ ಯಾರಿಗೂ ನೆನಪಿಲ್ಲದಷ್ಟು ಹಿಂದೆ, ಹೊಳೆಯ ದಡದ ಒಂದು ಊರಿನಲ್ಲಿ ಗಿರಿಯವ್ವ ಎಂಬ ಗಾಣಗಿತ್ತಿ ಇದ್ದಳು. ಮೂರು ಮನೆಯ ಹಿರಿಯರಿಂದ ಕೇಳಿ ಬರೆದಿಟ್ಟುಕೊಂಡದ್ದನ್ನು ಹೇಳುತ್ತೇನೆ, ಕೇಳಿ ಮಕ್ಕಳೇ. ಅವರ ಮಾತು ಕೂಡದ ಕಡೆ, ಕೂಡಲಿಲ್ಲ ಎಂದೂ ಹೇಳುತ್ತೇನೆ.

ಗಿರಿಯವ್ವನ ಗಾಣದ್ದು ಹೊಂಗೆ ಎಣ್ಣೆ. ಬಾಯಿಗಿಡಲಾಗದ ಕಹಿ, ದೀಪಕ್ಕಷ್ಟೇ ಸರಿ. ಎಣ್ಣೆಗೆ ಬಂದವರು ಮೊದಲು ಹೊಳೆದಡದಲ್ಲೋ ಹೊಲದ ಬದುವಿನಲ್ಲೋ ಒಂದು ಹೊಂಗೆಬೀಜ ನೆಟ್ಟು ಬರಬೇಕಿತ್ತು. ಉಗುರಿನಲ್ಲಿ ಮಣ್ಣು ಕಂಡರೆ ಮಾತ್ರ ಅವಳು ಎಣ್ಣೆ ಅಳೆಯುತ್ತಿದ್ದಳಂತೆ. ಹಾಗೆ ನೆಟ್ಟು ನೆಟ್ಟು ದಡದುದ್ದಕ್ಕೂ ತೋಪಾಯಿತಂತೆ, ಅವಳ ಮನೆಯಲ್ಲಿ ಎಣ್ಣೆಯ ಕೊಳಗಗಳಿಗೆ ಜಾಗವೇ ಸಾಲದಾಯಿತಂತೆ.

ಆ ಸೀಮೆಗೇ ಮೊದಲು ಡೀಸೆಲ್ ಎಂಜಿನ್ನಿನ ದೋಣಿ ತಂದ ದೊಡ್ಡಲಿಂಗ ಅವಳನ್ನು ರೇಗಿಸುತ್ತಿದ್ದ.

"ಇಷ್ಟೊಂದು ಎಣ್ಣೆ ಏನ್ ಮಾಡ್ತೀಯವ್ವ, ಒಗ್ಗರಣೆಗಾ?"

"ಊಟಕ್ಕೆ ಬಾರ್ಲಾ. ನಿನ್ನ ನಾಲಗೆಯಷ್ಟು ಕಹಿ ಇರಲ್ಲ."

ಒಂದು ಮಳೆಗಾಲ ಊರಿನ ಹೆಂಗಸರು ಹೊಳೆಯ ನಡುಗಡ್ಡೆಗೆ ನಾಟಿಗೆ ಹೋದರು. ಗಿರಿಯವ್ವನ ಸೊಸೆ ಸಾಕವ್ವನೂ ಮೂರು ತಿಂಗಳ ಕೂಸನ್ನು ಅತ್ತೆಯ ಕೈಗಿಟ್ಟು ಹೋದಳು. ಮಧ್ಯಾಹ್ನದ ಹೊತ್ತಿಗೆ ಹೊಳೆ ಏರಿತು. ಗದ್ದೆ ಮುಳುಗಿತು. ಹೆಂಗಸರೆಲ್ಲ ಒಂದು ದಿಬ್ಬ ಹತ್ತಿ ನಿಂತರು. ದಿಬ್ಬವೂ ಕರಗುತ್ತಾ ಬಂತು. ಆ ಸೆಳವಿಗೆ ಹರಿಗೋಲು ನಿಲ್ಲುವುದಿಲ್ಲ. ಎಂಜಿನ್ ದೋಣಿಗೋ ಒಂದು ಚೊಂಬು ಡೀಸೆಲ್ ಮಾತ್ರ ಉಳಿದಿತ್ತು. ಪೇಟೆಯ ದಾರಿ ನೀರಿನಡಿ. ಇತ್ತ ಕೂಸು ಹಾಲಿಗೆ ಅಳುತ್ತಿತ್ತು.

ಹೊಂಗೆ ಎಣ್ಣೆ ಹಾಕು ಎಂದಳು ಗಿರಿಯವ್ವ. ದೊಡ್ಡಲಿಂಗ ಹಾಕಿದ. ಎಂಜಿನ್ ಎರಡು ಸಲ ಕೆಮ್ಮಿ, ಕರಿಹೊಗೆ ಬಿಟ್ಟು, ಸತ್ತಿತು.

"ಎಂಜಿನ್ನೇ ಕೊಂದೆಯಲ್ಲವ್ವ!" ಎಂದು ಅವನು ತಲೆಮೇಲೆ ಕೈ ಹೊತ್ತ.

ಗಿರಿಯವ್ವ ಎಣ್ಣೆಗೆ ಬೆರಳದ್ದಿ ನೋಡಿದಳಂತೆ. ಥಂಡಿಗೆ ಜೇನಿನಂತೆ ಮಂದವಾಗಿತ್ತು. ಚಳಿಯ ದಿನ ಅವಳ ಗಾಣದ ಎಣ್ಣೆ ಬಟ್ಟೆಯಲ್ಲಿ ಸೋಸಿ ಇಳಿಯುತ್ತಿರಲಿಲ್ಲ, ಬಿಸಿ ಮಾಡಿಯೇ ಸೋಸುತ್ತಿದ್ದಳು. ತನ್ನ ಕೈಗೆ ಗೊತ್ತಿದ್ದದ್ದನ್ನು ಗಾಬರಿಯಲ್ಲಿ ತಾನೇ ಮರೆತಿದ್ದಳು.

ಆಗ ಕೊಳಗದ ಮೇಲಿನ ತಿಳಿಯನ್ನಷ್ಟೇ ತೆಗೆದು, ಹಳೆ ಸೀರೆಯಲ್ಲಿ ಮೂರು ಸಲ ಸೋಸಿ, ಕೈ ಇಡಲಾಗದಷ್ಟು ಕಾಯಿಸಿದಳು. ದೊಡ್ಡಲಿಂಗ ಎಂಜಿನ್ ಬಿಚ್ಚಿ ಒರೆಸಿದ. ಚೊಂಬಿನ ಡೀಸೆಲ್‌ನಲ್ಲಿ ಶುರು ಮಾಡಿ, ಎಂಜಿನ್ ಕಾದ ಮೇಲೆ ಬಿಸಿ ಎಣ್ಣೆ ಬಿಡುವುದು ಎಂದಾಯಿತು. ಆದರೆ ಹೊಳೆಯ ಗಾಳಿಗೆ ಎಣ್ಣೆ ಆರಬಾರದಲ್ಲ? ದೋಣಿಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಮೇಲೆ ಎಣ್ಣೆಯ ಡಬ್ಬ ಇಟ್ಟರು. ಅಲುಗುವ ದೋಣಿಯಲ್ಲಿ ಆ ಡಬ್ಬವನ್ನು ಯಾರು ಹಿಡಿಯುವುದು? ಗಿರಿಯವ್ವ ಕೂಸನ್ನು ಪಕ್ಕದ ಮನೆಯ ಮುದುಕಿಗೆ ಕೊಟ್ಟು, ಒದ್ದೆ ಗೋಣಿಚೀಲ ಸುತ್ತಿ, ಡಬ್ಬವನ್ನು ತಬ್ಬಿ ಕೂತಳು.

ಎಂಜಿನ್ ಹಿಡಿಯಿತು. ಹೊಳೆಯ ಮೇಲೆಲ್ಲ ಆರಿದ ಸಾವಿರ ದೀಪಗಳ ವಾಸನೆ ಹಬ್ಬಿತು ಅನ್ನುತ್ತಾರೆ. ಸೆಳವು ದೋಣಿಗೆ ದಾರಿ ಬಿಟ್ಟಿತು ಅನ್ನುತ್ತಾರೆ. ಐದು ಸಲ ಹೋಗಿಬಂದರು ಎಂದು ಇಬ್ಬರು ಹೇಳಿದರು, ಒಂಬತ್ತು ಎಂದು ಒಬ್ಬರು. ನಾನು ಐದೆಂದೇ ಬರೆದಿದ್ದೇನೆ. ಕೊನೆಯ ದೋಣಿಯಲ್ಲಿ ಸಾಕವ್ವ ಬಂದಳು, ರವಿಕೆ ಹಾಲಿನಲ್ಲಿ ತೊಯ್ದಿತ್ತು ಎನ್ನುವುದರಲ್ಲಿ ಮೂವರ ಮಾತೂ ಒಂದೇ. ಅವಳು ದಡಕ್ಕಿಳಿದು ತಿರುಗಿ ನೋಡಿದಾಗ ಆ ದಿಬ್ಬ ಇರಲೇ ಇಲ್ಲ. ಗಿರಿಯವ್ವನ ಕೈ ಮೊಣಕೈವರೆಗೆ ಬೆಂದಿತ್ತು. ಆಮೇಲೆ ಆ ಕೈಗೆ ಬಳೆ ಏರಲಿಲ್ಲ.

ಆ ಕಡವಿನ ದೋಣಿ ಇಂದಿಗೂ ಹೊಂಗೆ ಎಣ್ಣೆಯಲ್ಲೇ ಓಡುತ್ತದೆ. ನಾಟಿಗೆ ಹೊರಟ ಹೆಂಗಸರು ದಡದಲ್ಲಿ ಒಂದೊಂದು ಬೀಜ ನೆಟ್ಟು, ಮಣ್ಣಾದ ಉಗುರು ತೋರಿಸಿ ಹತ್ತುತ್ತಾರೆ. ದೋಣಿಯವನು ಎಣ್ಣೆಯ ಡಬ್ಬಕ್ಕೆ ಅಂಗೈ ತಾಗಿಸಿ ನೋಡುತ್ತಾನೆ.

"ಅವ್ವ ಕೂತ್ಲಾ?" ಎಂದು ಹೆಂಗಸರು ಕೇಳುತ್ತಾರೆ.

ಡಬ್ಬ ಅಂಗೈ ಸುಡಬೇಕು. ಆಗ ಅವನು "ಕೂತ್ಲು" ಅನ್ನುತ್ತಾನೆ. ಆಮೇಲೆಯೇ ಹಗ್ಗ ಬಿಚ್ಚುವುದು.