ಹೊಳೆಯ ಪಾಲು

"ಗುರುಗಳೇ, ಕಾಡಿನ ಜನರ ತಿಳಿವಳಿಕೆಯನ್ನು ಶಾಲೆಯ ವಿಜ್ಞಾನ ಪಾಠವಾಗಿ ಬರೆದು ಮುಗಿಸಿದೆ. ಅದರೊಳಗಿನ ಪೂಜೆ, ಹರಕೆಗಳನ್ನು ತೆಗೆದುಹಾಕಿದ್ದೇನೆ. ಶುದ್ಧಪ್ರತಿ ಆದ ಮೇಲೆ ಟಿಪ್ಪಣಿಗಳನ್ನು ಸುಟ್ಟುಬಿಟ್ಟೆ. ಮಾಡಿದ್ದು ಸರಿಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕಾಡಿನ ಅಂಚಿನ ಶಾಲೆಯಲ್ಲಿ ಒಬ್ಬ ಮೇಷ್ಟ್ರಿದ್ದರು. ಕಾಡಿನವರು ಬಲ್ಲದ್ದು ಪಾಠದಲ್ಲಿಯೂ ಇರಬೇಕೆಂದು ಅವರಿಗೆ ಆಸೆ. ಒಬ್ಬ ಅಜ್ಜಿಯ ಹಿಂದೆ ಕಾಡಿಗೆ ಹೋದರು. ಅಜ್ಜಿ ಒಂದು ಬಳ್ಳಿಯ ಬುಡ ಅಗೆದು ಗೆಡ್ಡೆ ತೆಗೆದಳು. ತೆಳ್ಳಗೆ ಹೆಚ್ಚಿ ಬುಟ್ಟಿಗೆ ಹಾಕಿ, ಹರಿಯುವ ಹೊಳೆಯಲ್ಲಿ ಮುಳುಗಿಸಿ ಕಟ್ಟಿದಳು.

"ಮೂರು ದಿನ ಹೊಳೆತಾಯಿ ಉಣ್ತಾಳೆ. ಆಮೇಲೆ ಬೇಯಿಸಿ ನಾವು ಉಣ್ಣೋದು," ಎಂದಳು.

ಮೇಷ್ಟ್ರು ಬಲು ನಿಖರ. ಬಳ್ಳಿ ಯಾವ ಕಡೆಗೆ ಸುತ್ತುತ್ತದೆ, ಎಲೆಗೆ ನರಗಳೆಷ್ಟು, ಗೆಡ್ಡೆ ಎಷ್ಟು ಹೊತ್ತು ಬೇಯಬೇಕು, ಎಲ್ಲವನ್ನೂ ಬರೆದುಕೊಂಡರು. ಹೊಳೆತಾಯಿಯ ಊಟವನ್ನು ಮಾತ್ರ ಬರೆಯಲಿಲ್ಲ. ಅದು ನೈವೇದ್ಯ, ವಿಜ್ಞಾನವಲ್ಲ ಎಂದುಕೊಂಡರು.

ಪಾಠದ ದಿನ ಮಕ್ಕಳು ಗೆಡ್ಡೆ ಅಗೆದು ತಂದರು. ಬರೆದಷ್ಟು ಹೊತ್ತು ಬೇಯಿಸಿದರು. ಕಹಿ ಎಂದು ಕೆಲವರು ಅರ್ಧಕ್ಕೆ ಬಿಟ್ಟರು. ಮೇಷ್ಟ್ರ ಮಗಳು, ಅಪ್ಪನ ಪಾಠವೆಂದು, ಎರಡು ಸಲ ಹಾಕಿಸಿಕೊಂಡಳು.

ಮೊದಲು ಗಂಟಲು ಉರಿಯಿತು. ಆಮೇಲೆ ವಾಂತಿ. ಎಲ್ಲ ಮಕ್ಕಳೂ ಮಲಗಿಬಿಟ್ಟರು. ಮಗಳ ಕೈಕಾಲು ಸೆಟೆಯತೊಡಗಿದವು. ಮೇಷ್ಟ್ರು ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಅಜ್ಜಿಯ ಗುಡಿಸಲಿಗೆ ಓಡಿದರು. ಓಡುವಾಗ, ತಾವು ಬರೆದದ್ದರಲ್ಲಿ ತಪ್ಪೆಲ್ಲಿ ಎಂದು ಸಾಲುಸಾಲಾಗಿ ನೆನೆದರು. ಒಂದು ತಪ್ಪೂ ಸಿಗಲಿಲ್ಲ.

"ಹೊಳೆಗೆ ಕೊಟ್ಟಿದ್ರಾ?" ಎಂದಳು ಅಜ್ಜಿ.

"ಅದು ಪೂಜೆಯಲ್ಲವೇ, ಅಜ್ಜಿ?"

"ಪೂಜೆಯೋ ಎಂಥದೋ! ಅದರ ವಿಷ ಉಣ್ಣೋಳು ಅವಳು. ಬುಟ್ಟಿಯ ಕೆಳಗೆ ಒಂದು ಮೀನೂ ಸುಳಿಯಲ್ಲ, ನೋಡ್ಲಿಲ್ವಾ? ಎಲೆಯ ನರ ಎಣಿಸ್ತಾ ಕೂತಿದ್ರಿ." ಮಗುವಿನ ಹಣೆ ಮುಟ್ಟಿದ ಅಜ್ಜಿಯ ದನಿ ಇಳಿಯಿತು. "ಅವಳ ಪಾಲನ್ನು ಮಗೂಗೆ ಉಣ್ಣಿಸಿಬಿಟ್ರಲ್ಲ, ಮೇಷ್ಟ್ರೇ."

ಮೂರನೆಯ ದಿನ ಉಳಿದ ಮಕ್ಕಳು ಎದ್ದು ಶಾಲೆಗೆ ಬಂದರು. ಹಾಜರಿ ಕರೆಯುವಾಗ ಮೇಷ್ಟ್ರು ಒಂದು ಹೆಸರನ್ನು ಕರೆಯಲಿಲ್ಲ.

ಶಿಷ್ಯ ಶುದ್ಧಪ್ರತಿಯ ಹಾಳೆಗಳನ್ನು ಒಂದೊಂದಾಗಿ ಮಗುಚಿ ನೋಡಿದ.

"ನನ್ನದರಲ್ಲಿ ಗೆಡ್ಡೆಯ ಪಾಠವೇ ಇಲ್ಲ, ಗುರುಗಳೇ," ಎಂದ.

"ಇರಲಿ. ನೀನು ತೆಗೆದುಹಾಕಿದ್ದನ್ನು ಒಮ್ಮೆ ಓದು," ಎಂದರು ಗುರುಗಳು.